ಸ್ಯಾಂಟಿಯಾಗೊ ಹಾದಿಯಲ್ಲಿ ನಿಲ್ಲುವ ದಿನ

ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿರುವ ಸಾಂ ಜಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಿಂದ ಹೊರಟು, ಪಿರನೀಸ್ ಪರ್ವತವನ್ನು ದಾಟಿ, ಸಂತ ಜೇಮ್ಸನ ಸಮಾಧಿ ಇರುವುದೆಂದು ಭಕ್ತರು ನಂಬುವ ಸ್ಪೇನಿನ ಸ್ಯಾಂಟಿಯಾಗೊ ದೆ ಕಂಪೊಸ್ತೆಲಾ ನಗರವನ್ನು ಸೇರುವ ಹಾದಿಯ ಉದ್ದ ಸುಮಾರು 780 ಕಿಲೊಮೀಟರ್. ಅದನ್ನು ಪೂರ್ತಿಯಾಗಿ ನಡೆಯುವವರಿಗೆ ಸಾಮಾನ್ಯವಾಗಿ ನಾಲ್ಕೈದು ವಾರ ಹಿಡಿಯುತ್ತದೆ. ಉತ್ತರ ಕರ್ನಾಟಕದ ಭಕ್ತರಿಗೆ ಪರಿಚಿತವಾದ ಪಂಢರಪುರದ ವಾರಿ ಎಂಬ ಕಾಲ್ನಡಿಗೆಯ ಯಾತ್ರೆಯಲ್ಲಿ ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಾಲಖಿಯು, ಅಂದರೆ ಪಲ್ಲಕ್ಕಿಯು, ಪುಣೆಯಲ್ಲಿಯೂ, ದಿವೆ ಘಾಟನ್ನು ಹತ್ತಿದ ಬಳಿಕ ಸಾಸವಡದಲ್ಲಿಯೂ ಎರಡೆರಡು ರಾತ್ರಿ ತಂಗುತ್ತದೆ. ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಸಂಪ್ರದಾಯವೇ ಗೊತ್ತುಮಾಡಿರುವುದರಿಂದ ವಾರಿಯ ಯಾತ್ರಿಕನಾದ ವಾರಕರಿಯು ಆ ಚಿಂತೆಯನ್ನು ಹೊರಬೇಕಾಗಿಲ್ಲ. ಸ್ಯಾಂಟಿಯಾಗೊ ಹಾದಿಯಲ್ಲಿ ಮಾತ್ರ ಪ್ರತಿಯೊಬ್ಬ ಯಾತ್ರಿಕನೂ ಅದನ್ನು ತಾನೇ ನಿರ್ಧರಿಸಿಕೊಳ್ಳಬೇಕು.

ಹಲವರು ಬುರ್ಗೋಸ್ ಮತ್ತು ಲಿಯೋನ್ ನಗರಗಳಲ್ಲಿ ಒಂದೊಂದು ದಿನ ನಿಲ್ಲುವುದೆಂದು ಮನೆಯಲ್ಲಿಯೇ ಬರೆದಿಟ್ಟುಕೊಳ್ಳುತ್ತಾರೆ. ಎರಡೂ ಕಡೆ ಭವ್ಯವಾದ ಕೆಥೆಡ್ರಲ್‌ಗಳಿರುವುದರಿಂದ ಆ ಆಸೆ ಸಹಜವೇ; ಆದರೆ ಬುರ್ಗೋಸ್ ಸಿಗುವುದು ಹನ್ನೆರಡು ಹದಿಮೂರು ದಿನ ನಡೆದ ಮೇಲೆ, ದೇಹಕ್ಕೆ ಪೆಟ್ಟು ಬೀಳುವುದಾದರೋ ಬಹುಮಟ್ಟಿಗೆ ಅದಕ್ಕೂ ಮೊದಲೇ. ಮೊದಲ ದಿನವೇ ರೊನ್ಸೆಸ್‌ವಾಯೆಸ್‌ವರೆಗಿನ ಸುಮಾರು 25 ಕಿಲೊಮೀಟರುಗಳಲ್ಲಿ ಸಾವಿರ ಮೀಟರಿಗೂ ಮೀರಿದ ಏರನ್ನು ಹತ್ತಿ, ಕೊನೆಗೆ ಕಡಿದಾದ ಇಳಿಜಾರನ್ನು ಇಳಿಯಬೇಕಾಗುತ್ತದೆ. ದಿನನಿತ್ಯದ ನಡಿಗೆಗೆ ಸ್ನಾಯುಗಳು ಬೇಗ ಒಗ್ಗಿಕೊಂಡರೂ ಅವುಗಳನ್ನು ಮೂಳೆಗೆ ಬಿಗಿಯುವ ಗಟ್ಟಿ ಹುರಿಗಳಾದ ಸ್ನಾಯುರಜ್ಜುಗಳು ನಿಧಾನವಾಗಿ ಬಲಗೊಳ್ಳುವುದರಿಂದ, ಒಂದು ವಾರ ಕಳೆಯುವ ಹೊತ್ತಿಗೆ ಯಾತ್ರಿಕನ ಉತ್ಸಾಹ ಅವನ ಹಿಮ್ಮಡಿಗಿಂತ ಬಹಳ ಮುಂದೆ ಹೋಗಿರುತ್ತದೆ. ಆದ್ದರಿಂದ ಮೊದಲ ವಿಶ್ರಾಂತಿಯನ್ನು ಬುರ್ಗೋಸಿನವರೆಗೆ ಕಾದಿಡದೆ, ಮೂರನೆಯ ದಿನ ಸಿಗುವ ಪಾಂಪ್ಲೋನಾದ ಆಸುಪಾಸಿನಲ್ಲಿಯೇ ತೆಗೆದುಕೊಳ್ಳುವುದು ವಿವೇಕ.

ಎರಡೂ ಕಾಲುಗಳಲ್ಲಿ ಹರಡಿಕೊಂಡು, ಬೆಳಿಗ್ಗೆ ನಾಲ್ಕು ಹೆಜ್ಜೆ ಇಟ್ಟೊಡನೆ ಸಡಿಲಗೊಳ್ಳುವ ನೋವು ಬರಿಯ ದಣಿವಿನದು, ಅದಕ್ಕೆ ನಿಲ್ಲಬೇಕಾಗಿಲ್ಲ. ಹಿಮ್ಮಡಿಯ ಹಿಂಭಾಗದಲ್ಲೋ ಮುಂಗಾಲಿನ ಮೂಳೆಯ ಮೇಲೋ ಒಂದೇ ಜಾಗದಲ್ಲಿ ಕೂತು, ನಡೆದಷ್ಟೂ ಹೆಚ್ಚುತ್ತ, ಊತವನ್ನೂ ತರುವ ನೋವಾದರೆ ಅಂದೇ ನಿಲ್ಲಬೇಕು. ಕುಂಟುತ್ತ ಮುಂದುವರಿದವರಲ್ಲಿ ಇನ್ನೊಂದು ಕಾಲೂ ಕೆಡುವುದುಂಟು. ಜ್ವರ, ವಾಂತಿಭೇದಿಗಳ ವಿಷಯದಲ್ಲಿ ಹೇಳುವುದೇ ಬೇಡ.

ನಿಲ್ಲುವುದಕ್ಕೆ ಒಂದು ವ್ಯಾವಹಾರಿಕ ತೊಡಕೂ ಇದೆ. ಅಲ್ಬೆರ್ಗೆ ಎಂದು ಕರೆಯುವ, ನಮ್ಮ ಛತ್ರಗಳನ್ನು ಹೋಲುವ ಯಾತ್ರಿಕರ ತಂಗುದಾಣಗಳಲ್ಲಿ, ಅದರಲ್ಲೂ ಸ್ಥಳೀಯ ಆಡಳಿತ ನಡೆಸುವಂಥವುಗಳಲ್ಲಿ, ಕಾಯಿಲೆ ಬಿದ್ದವರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಒಂದೇ ರಾತ್ರಿಯ ಅವಕಾಶವಿರುವುದರಿಂದ, ಎರಡನೆಯ ರಾತ್ರಿಗೆ ಹೆಚ್ಚು ಹಣ ತೆತ್ತು ಹೋಟೆಲು ಹಿಡಿಯಬೇಕಾಗುತ್ತದೆ. ಹೀಗಾಗಿ ಅನುಭವಿಗಳು ಎಂಟು ಹತ್ತು ಕಿಲೊಮೀಟರು ಮಾತ್ರ ನಡೆದು ಮಧ್ಯಾಹ್ನದೊಳಗೆ ಮುಂದಿನ ಊರಿನಲ್ಲಿ ಮಲಗುವ ‘ಸಣ್ಣ ದಿನ’ವನ್ನು ಮೆಚ್ಚುತ್ತಾರೆ, ಆಯಾಸವಷ್ಟೇ ಆಗಿದ್ದರೆ ಇಷ್ಟು ಸಾಕು, ಗಾಯವಾಗಿದ್ದರೆ ಸಾಲದು. ಪೂರ್ತಿ ದಿನ ನಿಂತವರು ಊರು ನೋಡುವ ನೆಪದಲ್ಲಿ ಕಲ್ಲುಹಾಸಿನ ಬೀದಿಗಳನ್ನು ಸಂಜೆಯವರೆಗೆ ಸುತ್ತಿದರೆ ಕಾಲಿನ ಪಾಲಿಗೆ ಅದೂ ನಡಿಗೆಯ ದಿನವೇ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಮೊದಲೇ ಕಾಯ್ದಿರಿಸಿದ ವಿಮಾನದ ಟಿಕೆಟ್ಟು. ದಿನಕ್ಕೆ ಇಷ್ಟು ಕಿಲೊಮೀಟರೆಂದು ಲೆಕ್ಕ ಕೂಡಿಸಿ ಮರಳುವ ತಾರೀಖನ್ನು ಬಿಗಿಯಾಗಿ ಕಟ್ಟಿಕೊಂಡವನು ಊದಿದ ಕಾಲನ್ನು ಕಂಡೂ ಕಾಣದಂತೆ ನಡೆಯುತ್ತಾನೆ. ಯಾವ ಊರಿನ ಹೆಸರನ್ನೂ ಬರೆಯದ ಮೂರು ನಾಲ್ಕು ಬಿಡುವಿನ ದಿನಗಳನ್ನು ಆರಂಭದಲ್ಲಿಯೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದರೆ ಅವು ಪಾಂಪ್ಲೋನಾದಲ್ಲಿ ಬೇಕಾದರೂ ಒದಗುತ್ತವೆ, ಕೊನೆಯ ಬೆಟ್ಟಗಳಲ್ಲಿ ಬೇಕಾದರೂ ಒದಗುತ್ತವೆ.