ಎರಡು ಹುಟ್ಟಿನ ಹಲ್ಲು

ಸಂಸ್ಕೃತದಲ್ಲಿ ‘ದ್ವಿಜ’ ಎಂಬ ಒಂದೇ ಶಬ್ದವು ಉಪನಯನವಾದವನಿಗೂ ಹಕ್ಕಿಗೂ ಹಲ್ಲಿಗೂ ಸಲ್ಲುತ್ತದೆ. ಮೂರೂ ಎರಡು ಸಲ ಹುಟ್ಟತಕ್ಕವು. ಮೊದಲನೆಯವನ ಎರಡನೆಯ ಹುಟ್ಟಿಗೆ ಮಂತ್ರ ಬೇಕು. ಹಕ್ಕಿಯದಕ್ಕೆ ತಾಯಿಯ ಕಾವು ಬೇಕು. ಹಲ್ಲು ಮಾತ್ರ ಇವೆರಡನ್ನೂ ಬೇಡದೆ, ಮಗುವಿನ ಆರನೆಯ ವರ್ಷದ ಸುಮಾರಿಗೆ ತನ್ನಷ್ಟಕ್ಕೆ ತಾನೇ ಮತ್ತೊಮ್ಮೆ ಹುಟ್ಟುತ್ತದೆ. ಕಾಶ್ಯಪ ಸಂಹಿತೆಯಲ್ಲಿ ಹಲ್ಲುಗಳ ಹುಟ್ಟಿಗೆಂದೇ ಒಂದು ಅಧ್ಯಾಯವಿದೆ. ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಂದೇ ಸಲ ಹುಟ್ಟತಕ್ಕವು, ಉಳಿದವು ದ್ವಿಜಗಳು ಎಂಬುದು ಅಲ್ಲಿಯ ಎಣಿಕೆ. ಇಂದಿನ ಲೆಕ್ಕದಂತೆ ಇಪ್ಪತ್ತು ಹಲ್ಲುಗಳಿಗೆ ಎರಡು ಹುಟ್ಟು, ಹಿಂದಿನ ಹನ್ನೆರಡು ದವಡೆಹಲ್ಲುಗಳಿಗೆ ಒಂದೇ ಹುಟ್ಟು. ಅಂಕಿಯಲ್ಲಿ ವ್ಯತ್ಯಾಸವಿದ್ದರೂ ಹಲ್ಲುಗಳಲ್ಲಿ ಈ ಎರಡು ಬಗೆಗಳುಂಟೆಂಬುದನ್ನು ಅಷ್ಟು ಹಿಂದೆಯೇ ಕಂಡುಕೊಂಡಿದ್ದರೆಂಬುದು ಸಣ್ಣ ಮಾತಲ್ಲ.

ಹಾಲುಹಲ್ಲಿಗೆ ಬೇರೇ ಇಲ್ಲವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಹಾಗೆ ತೋರುವುದು ಸಹಜವೇ. ಆದರೆ ನಿಜಸ್ಥಿತಿ ಬೇರೆ. ಹಾಲುಹಲ್ಲಿಗೂ ಚೆನ್ನಾದ ಬೇರುಂಟು. ದವಡೆಯ ಒಳಗೆ ಅದರ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲು ಮೇಲೇರತೊಡಗಿದಾಗ, ಸುತ್ತಲಿನ ಕೆಲವು ಜೀವಕೋಶಗಳು ಹಳೆಯ ಬೇರನ್ನು ದಿನದಿನವೂ ಕರಗಿಸುತ್ತ ಬರುತ್ತವೆ. ಬೇರೆಲ್ಲ ಕರಗಿದ ಮೇಲೆ ಒಸಡಿನ ಹಿಡಿತವೊಂದೇ ಉಳಿದು ಹಲ್ಲು ಅಲುಗಾಡುತ್ತದೆ. ಒಂದು ದಿನ ಕಡಲೆಪುರಿ ತಿನ್ನುವಾಗಲೋ ಮಾತಾಡುವಾಗಲೋ ಕಳಚಿಕೊಳ್ಳುತ್ತದೆ.

ಈ ಕೆಲಸಕ್ಕೆ ಒಂದು ಕ್ರಮವುಂಟು. ಆರರಿಂದ ಎಂಟರೊಳಗೆ ಕೆಳಗಿನ ನಡುವಿನ ಬಾಚಿಹಲ್ಲುಗಳಿಂದ ಮೊದಲಾಗಿ ಎಂಟು ಬಾಚಿಹಲ್ಲುಗಳು ಬಿದ್ದು ಹೊಸವು ಬರುತ್ತವೆ. ಅದೇ ಆರನೆಯ ವರ್ಷದ ಸುಮಾರಿಗೆ ಹಿಂಗಡೆ ನಾಲ್ಕು ದವಡೆಹಲ್ಲುಗಳು ಯಾವ ಹಲ್ಲನ್ನೂ ಬೀಳಿಸದೆ ಮೂಡುವುದರಿಂದ ತಾಯಂದಿರಿಗೆ ಅವುಗಳ ಆಗಮನವೇ ತಿಳಿಯುವುದಿಲ್ಲ. ಅವನ್ನೂ ಹಾಲುಹಲ್ಲೆಂದೇ ಬಗೆದು ಹುಳುಕಿಗೆ ಬಿಟ್ಟುಕೊಡುವವರು ಬಹಳ. ಅನಂತರ ಸುಮಾರು ಎರಡು ವರ್ಷ ಬಾಯಿ ಸುಮ್ಮನಿರುತ್ತದೆ. ಹತ್ತರಿಂದ ಹನ್ನೆರಡರ ಹೊತ್ತಿಗೆ ಕೋರೆಹಲ್ಲುಗಳೂ ಹಾಲಿನ ದವಡೆಹಲ್ಲುಗಳೂ ಬದಲಾಗುತ್ತವೆ. ಹೆಣ್ಣುಮಕ್ಕಳು ಈ ಪಯಣದಲ್ಲಿ ಗಂಡುಮಕ್ಕಳಿಗಿಂತ ಕೆಲವು ತಿಂಗಳು ಮುಂದೆ.

ಇಷ್ಟೆಲ್ಲ ಏಕೆ? ದವಡೆಯ ಮೂಳೆ ಬೆಳೆಯಬಲ್ಲುದು. ಆದರೆ ಒಮ್ಮೆ ರೂಪುಗೊಂಡ ಹಲ್ಲು ಎಳ್ಳಷ್ಟೂ ದೊಡ್ಡದಾಗಲಾರದು. ಮೂರು ವರ್ಷದ ಮುಖಕ್ಕೆ ಒಪ್ಪಿದ ಹಲ್ಲು ಮೂವತ್ತರ ಮುಖಕ್ಕೆ ಸಾಲದು. ಬೆಳೆಯಲಾರದುದನ್ನು ಬದಲಿಸುವುದೊಂದೇ ದಾರಿ. ಎಂಟು ವರ್ಷದ ಮಗುವಿನ ಮೊಗದಲ್ಲಿ ಮುಂದಿನ ಹಲ್ಲುಗಳು ಅಳತೆಮೀರಿ ದೊಡ್ಡವಾಗಿ ಕಾಣುವುದಕ್ಕೂ ಇದೇ ಕಾರಣ: ಹಲ್ಲು ಪೂರ್ಣ ಪ್ರಮಾಣದಲ್ಲಿ ಬಂದಿದೆ, ಮುಖವಿನ್ನೂ ಅದನ್ನು ಮುಟ್ಟಬೇಕಾಗಿದೆ. ಅಲ್ಲಿಯವರೆಗೆ ಹಾಲುಹಲ್ಲು ತನ್ನ ಉತ್ತರಾಧಿಕಾರಿಗೆ ಜಾಗ ಕಾದಿರಿಸುತ್ತದೆ. ಹುಳುಕಿನಿಂದ ಅದು ಅಕಾಲದಲ್ಲಿ ಹೋದರೆ ನೆರೆಯ ಹಲ್ಲುಗಳು ಸರಿದು ಆ ಸ್ಥಳವನ್ನು ಆಕ್ರಮಿಸುತ್ತವೆ. ಹೊಸದು ಸೊಟ್ಟಗೆ ಬರುತ್ತದೆ. ‘ಹೇಗೂ ಬೀಳುವ ಹಲ್ಲು’ ಎಂಬ ಉಪೇಕ್ಷೆಗೆ ತೆರಬೇಕಾದ ಬೆಲೆಯಿದು.

ಹಲ್ಲಿಗೂ ವಯಸ್ಸಿಗೂ ಇರುವ ಈ ನಂಟು ಒಂದು ಕಾಲದಲ್ಲಿ ಬಡಮಕ್ಕಳ ಪಾಲಿಗೆ ದೊಡ್ಡ ಪ್ರಶ್ನೆಯಾಗಿತ್ತು. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾನೂನು ಒಂಬತ್ತು ವರ್ಷದೊಳಗಿನವರನ್ನು ಬಟ್ಟೆಗಿರಣಿಗಳಲ್ಲಿ ದುಡಿಸಕೂಡದೆಂದಿತು. ಒಂಬತ್ತರಿಂದ ಹದಿಮೂರರವರೆಗಿನವರಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ರೇಷ್ಮೆಯ ಗಿರಣಿಗಳಿಗೆ ವಿನಾಯಿತಿಯಿತ್ತು. ಆದರೆ ಮಗುವಿಗೆ ಒಂಬತ್ತು ತುಂಬಿತೆಂದು ಹೇಳುವವರು ಯಾರು? ಅಲ್ಲಿ ಸರಕಾರ ಜನನಗಳನ್ನು ದಾಖಲು ಮಾಡತೊಡಗಿದ್ದೇ 1837ರಲ್ಲಿ. ಕೂಲಿ ಬೇಕಾದ ತಂದೆತಾಯಿಯೂ ಕೈಗಳು ಬೇಕಾದ ಮಾಲೀಕನೂ ವಯಸ್ಸನ್ನು ಹೆಚ್ಚಿಸಿ ಹೇಳುವವರೇ. ವೈದ್ಯನು ಮಗುವಿನ ಎತ್ತರವನ್ನೂ ಚಹರೆಯನ್ನೂ ನೋಡಿ ಪ್ರಮಾಣಪತ್ರ ಬರೆಯುತ್ತಿದ್ದನು.

ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು 1837ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದು ಪಾರ್ಲಿಮೆಂಟಿನ ಮುಂದಿಟ್ಟನು. ವಯಸ್ಸಿಗೆ ಹಲ್ಲೇ ಒರೆಗಲ್ಲು ಎಂಬುದು ಅದರ ಸಾರ. ಸಾವಿರದಷ್ಟು ಮಕ್ಕಳ ಬಾಯಿಯನ್ನು ಆತ ಪರೀಕ್ಷಿಸಿದ್ದನು. ನಾಲ್ಕು ದವಡೆಹಲ್ಲು, ಎಂಟು ಬಾಚಿಹಲ್ಲು ಹೊಸವಾಗಿ ಬಂದಿದ್ದರೆ ಒಂಬತ್ತು. ಇಪ್ಪತ್ತೆಂಟೂ ಬಂದಿದ್ದರೆ ಹದಿಮೂರು. ಈ ವಾದದ ಹಿಂದೆ ಗಟ್ಟಿಯಾದ ಕಾರಣವಿದೆ. ಹಸಿವೂ ಕಾಯಿಲೆಯೂ ಮೊದಲು ಹೊಡೆಯುವುದು ಎತ್ತರ ತೂಕಗಳನ್ನು. ಕಡುಹಸಿವು ಹಲ್ಲನ್ನೂ ತಡಮಾಡುವುದುಂಟು. ಆದರೂ ಮೂಳೆಯಷ್ಟು ಸುಲಭವಾಗಿ ಅದು ತನ್ನ ಕಾಲಗತಿಯನ್ನು ತಪ್ಪುವುದಿಲ್ಲ. ಸಾಂಡರ್ಸನು ಮುಂದೆ ವಿಕ್ಟೋರಿಯಾ ರಾಣಿಯ ದಂತವೈದ್ಯನಾಗಿ 1883ರಲ್ಲಿ ‘ಸರ್’ ಪದವಿಯನ್ನು ಪಡೆದನು. ಗಿರಣಿಯ ಮಕ್ಕಳ ಭಾಗ್ಯ ಅಷ್ಟು ತೆರೆಯಲಿಲ್ಲ. 1844ರ ಕಾನೂನು ಅವರ ದುಡಿಮೆಯ ಗಂಟೆಗಳನ್ನು ಇಳಿಸಿತು, ನಿಜ. ಅದರೊಡನೆ ಗಿರಣಿಯ ಬಾಗಿಲನ್ನು ಒಂಬತ್ತರ ಬದಲು ಎಂಟಕ್ಕೇ ತೆರೆಯಿತು!

ನಮ್ಮ ನಾಡಿನಲ್ಲಿಯೂ ಇಂಥದೊಂದು ಒರೆಗಲ್ಲಿತ್ತು. ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಮುಟ್ಟಿದರೆ ಸೇರ್ಪಡೆ, ಮುಟ್ಟದಿದ್ದರೆ ಮುಂದಿನ ವರ್ಷ. ಇದನ್ನು ನೆನೆದು ನಾವು ನಗುತ್ತೇವೆ. ಆದರೆ ಎಳೆಯ ಮಗುವಿನ ತಲೆ ದೊಡ್ಡದು, ತೋಳು ಗಿಡ್ಡ, ಆರರ ಸುಮಾರಿಗೆ ತೋಳು ತಲೆಯನ್ನು ದಾಟುವಷ್ಟು ಬೆಳೆಯುತ್ತದೆ ಎಂಬ ಗಮನಿಕೆ ಆ ಪರೀಕ್ಷೆಯ ಹಿಂದೆ ಇತ್ತು. ಹಲ್ಲು ಅಲುಗಾಡುವ ಕಾಲವೂ ಅದೇ. ಪರೀಕ್ಷೆ ಮುಗಿದ ಮೇಲೆ ಜೂನ್ ತಿಂಗಳಿಗೆ ಸರಿಹೊಂದುವ ಒಂದು ತಾರೀಖನ್ನು ಮೇಷ್ಟರೇ ಬರೆದುಕೊಳ್ಳುತ್ತಿದ್ದರು. ಒಂದು ಪೀಳಿಗೆಯ ಅಷ್ಟೊಂದು ಜನ ಶಾಲೆಯ ದಾಖಲೆಯಲ್ಲಿ ಒಂದೇ ತಿಂಗಳಲ್ಲಿ ಹುಟ್ಟಿರುವುದು ಹೀಗೆ.

ಜನನ ಮರಣಗಳ ನೋಂದಣಿಗೆ 1969ರಲ್ಲಿ ಕಾಯಿದೆ ಬಂತು. ವಯಸ್ಸಿನ ಪುರಾವೆಯಿಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೂ ಕಾಗದವಿಲ್ಲದ ಮಗು ನ್ಯಾಯಾಲಯದ ಮುಂದೆ ನಿಂತಾಗ ವೈದ್ಯರು ಇಂದಿಗೂ ಮೂಳೆಯನ್ನೂ ಹಲ್ಲನ್ನೂ ನೋಡಬೇಕಾಗುತ್ತದೆ. ಈಗ ಎಕ್ಸ್‌ರೇ ಚಿತ್ರದಲ್ಲಿ ಒಸಡಿನೊಳಗಿನ ಹಲ್ಲು ಎಷ್ಟು ರೂಪುಗೊಂಡಿದೆ ಎಂಬುದನ್ನು ಹಂತಹಂತವಾಗಿ ಅಳೆಯುವ ಕ್ರಮಗಳಿವೆ. ಫ್ರೆಂಚ್ ಮೂಲದ ಕೆನಡಾದ ಮಕ್ಕಳನ್ನು ನೋಡಿ 1973ರಲ್ಲಿ ಡೆಮಿರ್ಜಿಯನ್ ಮತ್ತು ಸಂಗಡಿಗರು ರಚಿಸಿದ ಕ್ರಮ ಬಹು ಪ್ರಸಿದ್ಧವಾದುದು. ಅದನ್ನು ಭಾರತದ ಮಕ್ಕಳಿಗೆ ಅನ್ವಯಿಸಿದಾಗ ಅನೇಕ ಸಲ ವಯಸ್ಸು ಇದ್ದುದಕ್ಕಿಂತ ಹೆಚ್ಚಾಗಿ ಬಂದಿದೆ. ಆ ಹೆಚ್ಚಳ ತಿಂಗಳುಗಳದೇ ಆಗಿರಬಹುದು. ಆದರೆ ಹದಿಮೂರರ ಹುಡುಗನನ್ನು ಹದಿನಾಲ್ಕು ದಾಟಿದವನೆಂದು ಬರೆಯುವುದಕ್ಕೆ ತಿಂಗಳುಗಳೇ ಸಾಕು. ಆದುದರಿಂದ ಹಲ್ಲಿನ ಸಾಕ್ಷ್ಯ ಸಂಶಯಾಸ್ಪದವಾದಲ್ಲಿ, ಸಂಶಯದ ಲಾಭ ಮಗುವಿಗೇ ಸಲ್ಲಬೇಕೆಂದು ನಾನು ತಿಳಿಯುತ್ತೇನೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಹಾಲುಹಲ್ಲಿನ ಹೊರಕವಚ ಕೂಡಿಕೊಳ್ಳತೊಡಗುವುದು ಮಗು ಗರ್ಭದಲ್ಲಿರುವಾಗ, ನಾಲ್ಕನೆಯ ತಿಂಗಳ ಸುಮಾರಿಗೆ. ಹೆರಿಗೆಯ ಸಮಯದ ಏರುಪೇರಿನಿಂದ ಆ ಕವಚದಲ್ಲಿ ಒಂದು ಗೆರೆ ಬೀಳುತ್ತದೆ. ಹಲ್ಲನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕಾಣಿಸುತ್ತದೆ. ಗೆರೆಯ ಒಳಗಿನದು ತಾಯಿಯ ಗರ್ಭದಲ್ಲಿ ಬೆಳೆದದ್ದು, ಹೊರಗಿನದು ಈ ಲೋಕದಲ್ಲಿ ಬೆಳೆದದ್ದು. ಯಾವ ಕಚೇರಿಯ ಪುಸ್ತಕದಲ್ಲಿಯೂ ಹೆಸರಿಲ್ಲದ ಕೂಲಿಯವಳ ಮಗುವಿಗೂ ಈ ಗೆರೆ ತಪ್ಪುವುದಿಲ್ಲ. ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲಕ್ಕೆ ಎಸೆಯುವಾಗ ನಮ್ಮ ಹಿರಿಯರು ಹೊಸ ಹಲ್ಲು ಬೇಗ ಬರಲೆಂದು ಹಾರೈಸುತ್ತಿದ್ದರು. ಆ ಹಲ್ಲಿನೊಡನೆ ಮಗುವಿನ ಹುಟ್ಟಿನ ಗುರುತೂ ಮಾಡನ್ನೇರುತ್ತಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.