ಊರು ಬಿಟ್ಟವರ ದಾರಿಯಲ್ಲಿ ಸೈಕಲ್ಲು

ಅಲ್ಮೇಡಾದ ಕೋಟೆ ಬಾಗಿಲು ದಾಟಿ ಉತ್ತರಕ್ಕೆ ಸೈಕಲ್ ತಿರುಗಿಸಿದರೆ, ಕಸ್ತೇಲೊ ರೊಡ್ರಿಗೊ ಎಂಬ ಊರು ಬಲು ದೂರದಿಂದಲೇ ಗುಡ್ಡದ ನೆತ್ತಿಯ ಮೇಲೆ ಕಾಣಿಸಿಕೊಳ್ಳುತ್ತದೆ. ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನಷ್ಟು ಡಾಂಬರು ರಸ್ತೆ, ಎರಡೂ ಬದಿಗೆ ಕಲ್ಲು ಪೇರಿಸಿ ಕಟ್ಟಿದ ಮೋಟುಗೋಡೆ, ಆಲಿವ್ ಮತ್ತು ಬಾದಾಮಿ ತೋಪು. ಬಹಳ ಹೊತ್ತಿನವರೆಗೆ ಒಂದು ವಾಹನವೂ ಎದುರಾಗದೆ ಹೋಗಬಹುದು. ಸ್ಪೇನ್ ಗಡಿಗೆ ಅಂಟಿಕೊಂಡ ಪೋರ್ಚುಗಲ್ಲಿನ ಈ ಬೇಯ್ರಾ ಸೀಮೆಗೆ ಇವತ್ತು ಯುರೋಪಿನ ನಾನಾ ಕಡೆಯಿಂದ ಸೈಕಲ್ ಸವಾರರು ಬರುತ್ತಾರೆ. ಹನ್ನೆರಡು ಐತಿಹಾಸಿಕ ಹಳ್ಳಿಗಳನ್ನು ಸುತ್ತಿ ಬರುವ, ಹೆಚ್ಚುಕಡಿಮೆ 600 ಕಿಲೋಮೀಟರಿನ ಗುರುತು ಹಾಕಿದ ಬಳಸುದಾರಿಯೂ ಇದೆ. ಅದರ ಹೆಸರು ಜಿಆರ್ 22. ಬಂದವರೆಲ್ಲ ಮೆಚ್ಚಿ ಹೇಳುವ ಮಾತು ಒಂದೇ: ರಸ್ತೆ ಎಷ್ಟು ಖಾಲಿ! ಆ ಖಾಲಿತನ ಹೇಗೆ ಬಂತು ಎಂದು ಕೇಳಿಕೊಂಡರೆ ಮಾತ್ರ ಈ ದಾರಿಯ ನಿಜವಾದ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ಏರಿನ ವಿಷಯ. ಈ ಹಳ್ಳಿಗಳಲ್ಲಿ ಹೆಚ್ಚಿನವು ಹೊಳೆ ದಂಡೆಯಲ್ಲಿಲ್ಲ, ಬಯಲಿನಲ್ಲೂ ಇಲ್ಲ. ಸೊರ್ತೇಲ್ಯಾ, ಮರಿಯಾಲ್ವಾ, ಲಿನ್ಯಾರೆಸ್, ಮೊನ್ಸಾಂತೊ ಎಲ್ಲವೂ ಬಂಡೆಯ ತುದಿಯಲ್ಲಿವೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಣಿವೆಯ ತಳಕ್ಕಿಳಿದು, ಹೊಳೆ ದಾಟಿ, ಅಷ್ಟೇ ಎತ್ತರ ಮತ್ತೆ ಹತ್ತಬೇಕು. ಕಾರಣ ನೆರೆಯ ಕಾಸ್ಟೀಲ್ ರಾಜ್ಯದ ಭಯ. ನೂರಾರು ವರ್ಷ ಕೋವಾ ನದಿಯೇ ಗಡಿಯಾಗಿತ್ತು. 1297ರ ಅಲ್ಕನೀಸೆಸ್ ಒಪ್ಪಂದದಲ್ಲಿ ಪೋರ್ಚುಗಲ್ಲಿನ ದೊರೆ ದಿನಿಸ್ ನದಿಯಾಚೆಯ ಪಟ್ಟಿಯನ್ನು ಪಡೆದ. ಅಲ್ಮೇಡಾ, ಕಸ್ತೇಲೊ ರೊಡ್ರಿಗೊ ಅವನ ಕೈಸೇರಿದವು. ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಕೋಟೆಗಳನ್ನು ಭದ್ರಪಡಿಸಿದ. ಶತ್ರು ಬರುವುದು ಒಂದು ದಿನ ಮೊದಲೇ ಕಾಣಬೇಕು, ಬಂದವನು ಹತ್ತಿ ಹತ್ತಿ ಸುಸ್ತಾಗಬೇಕು ಎಂಬ ಲೆಕ್ಕದಲ್ಲಿ ಬೆಳೆದ ಊರುಗಳಿವು. ಇವತ್ತು ಪೆಡಲ್ ತುಳಿಯುವವನ ಉಸಿರು ಕಟ್ಟಿಸುವುದೂ ಅದೇ ಲೆಕ್ಕ.

ರಸ್ತೆಗಳು ಬಂದದ್ದು ಬಹಳ ತಡವಾಗಿ. 1927ರಲ್ಲಿ ಎರಡು ಸಂಗತಿಗಳು ನಡೆದವು. ಏಪ್ರಿಲ್‌ನಲ್ಲಿ ‘ದಿಯಾರಿಯೊ ದ ನೊತೀಸಿಯಸ್’ ಮತ್ತು ‘ಉಸ್ ಸ್ಪೋರ್ಟ್ಸ್’ ಎಂಬ ಪತ್ರಿಕೆಗಳು ಸೇರಿ ದೇಶವನ್ನೇ ಸುತ್ತುವ ಸೈಕಲ್ ಪಂದ್ಯ ಆರಂಭಿಸಿದವು. ಅದೇ ‘ವೋಲ್ಟಾ ಅ ಪೋರ್ಚುಗಲ್’. ಹದಿನೆಂಟು ಹಂತ, ಎರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ. ಗೆದ್ದವನು ಅಂತೋನಿಯೊ ಅಗುಸ್ತೊ ದ ಕರ್ವಾಲ್ಯೊ. ಕೆಲವೇ ತಿಂಗಳಲ್ಲಿ, ಅದೇ ವರ್ಷ, ಸರ್ಕಾರ ರಸ್ತೆಗಳಿಗೆಂದೇ ಸ್ವಾಯತ್ತ ಮಂಡಳಿಯೊಂದನ್ನು ಸ್ಥಾಪಿಸಿತು. ಅಂದರೆ ಪಂದ್ಯ ಮೊದಲು ಬಂತು, ಪಂದ್ಯ ಓಡಲು ಯೋಗ್ಯವಾದ ರಸ್ತೆ ಆಮೇಲೆ. ಮೊದಲ ವೋಲ್ಟಾದ ಸವಾರರು ಧೂಳು, ಜಲ್ಲಿ, ಎತ್ತಿನ ಗಾಡಿಯ ಕೊರಕಲಿನಲ್ಲಿ ಸೈಕಲ್ ತುಳಿದರು.

ಮಂಡಳಿಯ ಕೆಲಸದ ಗುರುತು ಇನ್ನೂ ರಸ್ತೆ ಬದಿಯಲ್ಲಿದೆ. ರಸ್ತೆಯ ಒಂದೊಂದು ಭಾಗಕ್ಕೆ ಒಬ್ಬ ಕಾಂತೊನೇಯ್ರೊ, ಅಂದರೆ ದಾರಿ ನೋಡಿಕೊಳ್ಳುವ ಆಳು, ಇರುತ್ತಿದ್ದ. ಚರಂಡಿ ಬಿಡಿಸುವುದು, ಗುಂಡಿ ಮುಚ್ಚುವುದು, ಹುಲ್ಲು ಹೆರೆಯುವುದು ಅವನ ಪಾಲಿನ ಕೆಲಸ. ಅವನ ಸಂಸಾರಕ್ಕೆಂದು ರಸ್ತೆಯಂಚಿನಲ್ಲೇ ಚಿಕ್ಕ ಮನೆ. ಗೋಡೆಯ ಮೇಲೆ ನೀಲಿ ಬಿಳಿ ಹೆಂಚಿನ ಫಲಕ, ಅದರಲ್ಲಿ ಮಂಡಳಿಯ ಹೆಸರು, ಹಿಂದಿನ ಮುಂದಿನ ಊರುಗಳ ದೂರ. ಈಗ ಆ ಮನೆಗಳಲ್ಲಿ ಹೆಚ್ಚಿನವು ಬೀಗ ಹಾಕಿಕೊಂಡು ನಿಂತಿವೆ, ಕೆಲವಕ್ಕೆ ಮಾಡೇ ಇಲ್ಲ. ಹೆಂಚಿನ ಬಣ್ಣ ಮಾತ್ರ ಮಾಸಿಲ್ಲ. ಹಳೆಯ ರಾಷ್ಟ್ರೀಯ ರಸ್ತೆಯಲ್ಲಿ ಸೈಕಲ್ ಹೊಡೆಯುವವರು ಈ ಫಲಕಗಳ ಮುಂದೆ ನಿಂತು ಓದಬೇಕು. ಬೆಟ್ಟದ ಮೈಗುಂಟ ಸುತ್ತಿ ಸುತ್ತಿ ಏರುವ ಈ ದಾರಿ ಇಷ್ಟು ಕಾಲ ಬಾಳಿದ್ದು ಆ ಆಳುಗಳ ಹಾರೆ ಗುದ್ದಲಿಯಿಂದ.

ವೋಲ್ಟಾ 1931ರಲ್ಲಿ ಮತ್ತೆ ನಡೆದಾಗ ಊರೂರಿನ ಹಬ್ಬವಾಯಿತು. ಬೆನ್ಫಿಕಾದ ಜೋಸೆ ಮರಿಯಾ ನಿಕೊಲಾವ್ 1931 ಮತ್ತು 1934ರಲ್ಲಿ ಗೆದ್ದರೆ, ಮುಂದೆ ಸ್ಪೋರ್ಟಿಂಗ್ ಕ್ಲಬ್ಬಿನ ತಾರೆಯಾದ ಅಲ್ಫ್ರೇದೊ ತ್ರಿಂದಾದೆ ನಡುವಿನ ಎರಡು ವರ್ಷ ಗೆದ್ದ. ಇಬ್ಬರೂ ಕರ್ತಾಶೊ ಸೀಮೆಯವರು. ಲಿಸ್ಬನ್ನಿನ ಫುಟ್‌ಬಾಲ್ ಮೈದಾನವನ್ನು ಜನ್ಮದಲ್ಲಿ ನೋಡದ ಹಳ್ಳಿಗರು ಬೆನ್ಫಿಕಾ ಅಥವಾ ಸ್ಪೋರ್ಟಿಂಗ್ ಅಭಿಮಾನಿಗಳಾದದ್ದರಲ್ಲಿ ತಮ್ಮ ಮನೆ ಮುಂದೆ ಹಾದುಹೋದ ಈ ಜರ್ಸಿಗಳ ಪಾತ್ರ ದೊಡ್ಡದು. ಬೆನ್ಫಿಕಾದ ಲಾಂಛನದಲ್ಲಿ ಹದ್ದಿನ ಹಿಂದೆ ಈಗಲೂ ಸೈಕಲ್ ಚಕ್ರವಿದೆ, ಫುಟ್‌ಬಾಲ್ ನೋಡುವಾಗ ಗಮನಿಸಿ.

ಆದರೆ ಪೋರ್ಚುಗಲ್ಲಿನ ಸೈಕಲ್ ಎಂದರೆ ಜೋವಾಕಿಂ ಅಗುಸ್ತಿನ್ಯೊ. 1943ರಲ್ಲಿ ತೊರ್ರೆಸ್ ವೆದ್ರಾಸ್ ಬಳಿಯ ಬ್ರೆಜೆಂಜಸ್ ಎಂಬ ಹಳ್ಳಿಯಲ್ಲಿ ಹುಟ್ಟಿದ ರೈತರ ಮಗ. ವಸಾಹತು ಯುದ್ಧಕ್ಕೆ ಮೊಜಾಂಬಿಕ್‌ಗೆ ಸಿಪಾಯಿಯಾಗಿ ಹೋಗಿ ಬಂದ. ಪಂದ್ಯದ ಸೈಕಲ್ ಹತ್ತಿದಾಗ ವಯಸ್ಸು ಇಪ್ಪತ್ತನಾಲ್ಕು ದಾಟಿತ್ತು. ಬೇರೆಯವರು ಆ ವಯಸ್ಸಿಗೆ ಹತ್ತು ವರ್ಷದ ಅನುಭವ ಮುಗಿಸಿರುತ್ತಾರೆ. 1969ರಲ್ಲಿ ಮೊದಲ ಟೂರ್ ಡಿ ಫ್ರಾನ್ಸ್‌ನಲ್ಲೇ ಎರಡು ಹಂತ ಗೆದ್ದ. 1970, 71, 72ರಲ್ಲಿ ಸಾಲಾಗಿ ಮೂರು ವೋಲ್ಟಾ. 1978 ಮತ್ತು 1979ರ ಟೂರ್‌ಗಳಲ್ಲಿ ಮೂರನೆಯ ಸ್ಥಾನ, ಜೊತೆಗೆ 79ರಲ್ಲಿ ಆಲ್ಪ್ ದ್ಯುಯೆಜ್ ಶಿಖರದ ಹಂತದ ಗೆಲುವು. ಆ ಘಟ್ಟದ ಒಂದು ತಿರುವಿನಲ್ಲಿ ಅವನ ಸ್ಮಾರಕವಿದೆ. 1984ರ ಏಪ್ರಿಲ್ 30ರಂದು ಅಲ್ಗಾರ್ವೆ ಪಂದ್ಯದಲ್ಲಿ, ಗುರಿ ಇನ್ನೇನು ಕಾಣುವಷ್ಟರಲ್ಲಿ ನಾಯಿಯೊಂದು ಅಡ್ಡ ಬಂತು. ಬಿದ್ದವನು ಎದ್ದು, ಮತ್ತೆ ಸೈಕಲ್ ಹತ್ತಿ ಗುರಿ ಮುಟ್ಟಿದ. ತಲೆಬುರುಡೆ ಒಡೆದಿತ್ತು. ಮೇ 10ರಂದು ತೀರಿಕೊಂಡ. ಗದ್ದೆಯಲ್ಲಿ ದುಡಿದ ಮೈಯೇ ಘಟ್ಟದಲ್ಲೂ ದುಡಿಯಿತು ಎಂಬ ಹೆಮ್ಮೆ ಅಲ್ಲಿನ ಹಳ್ಳಿಗಳಿಗೆ ಅವನ ಮೇಲಿದೆ. ಆ ಹೆಮ್ಮೆ ನ್ಯಾಯವಾದದ್ದು.

ಅವನು ಗೆಲ್ಲುತ್ತಿದ್ದ ವರ್ಷಗಳಲ್ಲೇ ಬೇಯ್ರಾ ಸೀಮೆ ಬರಿದಾಗುತ್ತಿತ್ತು. ಬಡತನ ಒಂದು ಕಡೆ, 1961ರಿಂದ ಆಫ್ರಿಕಾದ ಯುದ್ಧಕ್ಕೆ ಹುಡುಗರನ್ನು ಎಳೆದೊಯ್ಯುತ್ತಿದ್ದ ಸರ್ವಾಧಿಕಾರಿ ಸಲಜಾರನ ಸರ್ಕಾರ ಇನ್ನೊಂದು ಕಡೆ. ಪಾಸ್‌ಪೋರ್ಟ್ ಸಿಗದವರು ಕಳ್ಳದಾರಿ ಹಿಡಿದರು. ಸೊರ್ತೇಲ್ಯಾ ಇರುವ ಸಬುಗಾಲ್ ತಾಲ್ಲೂಕಿನ ಕಡೆ ಕಾಫಿ ಕಳ್ಳಸಾಗಣೆ ಮಾಡುತ್ತಿದ್ದವರಿಗೆ ಗಡಿಯ ಪ್ರತಿ ಕಾಲುದಾರಿ ಗೊತ್ತಿತ್ತು. ಅವರೇ ಜನರನ್ನೂ ದಾಟಿಸತೊಡಗಿದರು. ಹೊರಡುವವನು ತನ್ನ ಭಾವಚಿತ್ರವನ್ನು ನಡುವೆ ಹರಿದು ಅರ್ಧ ಮನೆಯಲ್ಲಿ ಬಿಟ್ಟು, ಇನ್ನರ್ಧ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಸ್ಪೇನ್ ದಾಟಿ, ಪಿರನೀಸ್ ಪರ್ವತ ದಾಟಿ ಫ್ರಾನ್ಸ್ ಸೇರಿದ ಮೇಲೆ ತನ್ನ ಅರ್ಧವನ್ನು ಊರಿಗೆ ಕಳಿಸುತ್ತಿದ್ದ. ಎರಡು ಚೂರು ಕೂಡಿದರೆ ಮಾತ್ರ ಮನೆಯವರು ದಾಟಿಸಿದವನಿಗೆ ಬಾಕಿ ಹಣ ಕೊಡುತ್ತಿದ್ದರು. 1962ರಲ್ಲಿ ಫ್ರಾನ್ಸಿನಲ್ಲಿದ್ದ ಪೋರ್ಚುಗೀಸರು ಸುಮಾರು 50 ಸಾವಿರ. 1975ರ ಹೊತ್ತಿಗೆ ಏಳೂವರೆ ಲಕ್ಷ. ಸೈಕಲ್ ಸವಾರ ಮೆಚ್ಚುವ ಖಾಲಿ ರಸ್ತೆಯ ಹಿಂದೆ ಈ ಹರಿದ ಚಿತ್ರಗಳಿವೆ.

ಉಳಿದದ್ದು ಮುದುಕರು, ಬೀಗ, ಬಿರಿದ ಗೋಡೆ. ಹಳ್ಳಿಗಳನ್ನು ಕೊಂಡಾಡುವ ಪ್ರಯತ್ನ ಮೊದಲೇ ಒಮ್ಮೆ ಆಗಿತ್ತು: 1938ರಲ್ಲಿ ಸಲಜಾರ್ ಆಡಳಿತದ ಪ್ರಚಾರ ಇಲಾಖೆ ‘ಪೋರ್ಚುಗಲ್ಲಿನ ಅತ್ಯಂತ ಪೋರ್ಚುಗೀಸ್ ಹಳ್ಳಿ’ ಎಂಬ ಸ್ಪರ್ಧೆ ನಡೆಸಿ ಮೊನ್ಸಾಂತೊ ಊರಿಗೆ ಬೆಳ್ಳಿಯ ಹುಂಜ ಕೊಟ್ಟಿತು. ಹೆಬ್ಬಂಡೆಗಳನ್ನೇ ಗೋಡೆಯಾಗಿ, ಮಾಡಾಗಿ ಮಾಡಿಕೊಂಡ ಮನೆಗಳ ಊರದು, ಬಹುಮಾನಕ್ಕೆ ತಕ್ಕದ್ದೇ. ಆದರೆ ಹುಂಜ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ನಿಜವಾದ ಕೆಲಸ ಶುರುವಾದದ್ದು ದೇಶ ಯುರೋಪಿನ ಸಮುದಾಯಕ್ಕೆ ಸೇರಿದ ಮೇಲೆ, 1991ರಲ್ಲಿ. ‘ಐತಿಹಾಸಿಕ ಹಳ್ಳಿಗಳು’ ಯೋಜನೆ ಹತ್ತು ಊರುಗಳನ್ನು ಆರಿಸಿತು. ವಿದ್ಯುತ್ ಮತ್ತು ಟೆಲಿಫೋನ್ ತಂತಿಗಳು ನೆಲದಡಿ ಹೋದವು, ಮಾಡಿಗೆ ಹೆಂಚು ಬಂತು, ಬೀದಿಗೆ ಕಲ್ಲು ಹಾಸಿದರು. 2003ರಲ್ಲಿ ಬೆಲ್ಮೋಂಟೆ ಮತ್ತು ತ್ರಾಂಕೋಸೊ ಸೇರಿ ಹನ್ನೆರಡಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಎ 23, ಎ 25 ಹೆದ್ದಾರಿಗಳು ಪೂರ್ಣಗೊಂಡು ಲಾರಿ ಕಾರುಗಳನ್ನು ತಮ್ಮತ್ತ ಸೆಳೆದುಕೊಂಡವು. ಹಳೆಯ ರಸ್ತೆ ಸೈಕಲ್ಲಿಗೆ ಬಿಟ್ಟುಕೊಟ್ಟಂತಾಯಿತು. (2011ರ ಕೊನೆಯಲ್ಲಿ ಟೋಲ್ ಹಾಕಿದಾಗ ಕೆಲವರು ಹಳೆಯ ದಾರಿಗೆ ಮರಳಿದ್ದರು. 2025ರ ಜನವರಿಯಿಂದ ಆ ಟೋಲ್ ಇಲ್ಲ.)

ಈ ಹನ್ನೆರಡರಲ್ಲಿ ಕನ್ನಡಿಗರು ತಪ್ಪದೆ ಇಳಿಯಬೇಕಾದ ಊರು ಬೆಲ್ಮೋಂಟೆ. ಪೇದ್ರು ಅಲ್ವಾರೆಸ್ ಕಬ್ರಾಲ್ ಹುಟ್ಟಿದ್ದು ಇಲ್ಲಿ. 1500ರಲ್ಲಿ ಬ್ರೆಜಿಲ್ ತೀರ ಮುಟ್ಟಿದ ಅವನ ಹಡಗುಗಳು ಅದೇ ಆಗಸ್ಟ್‌ನಲ್ಲಿ ನಮ್ಮ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿ, ದುರಸ್ತಿ ಮಾಡಿಕೊಂಡು ಕಲ್ಲಿಕೋಟೆಗೆ ಹೋದವು. ಅಲ್ಲಿ ವ್ಯಾಪಾರ ಕೆಟ್ಟು, ಪಟ್ಟಣದ ಮೇಲೆ ಫಿರಂಗಿ ಹಾರಿಸಿದವನೂ ಅವನೇ. ಕೋಟೆಯ ಗೋಡೆಯ ಮೇಲೆ ಅವನ ಮನೆತನದ ಲಾಂಛನವಿದೆ: ಎರಡು ಮೇಕೆಗಳು.

ಆ ಮೇಕೆಗಳು ಬೆಟ್ಟದಿಂದ ಮರೆಯಾದದ್ದಕ್ಕೆ ಈ ಸೀಮೆ ದುಬಾರಿ ಬೆಲೆ ತೆರುತ್ತಿದೆ. ಮೇಯಿಸುವವರು, ಸೌದೆ ಆಯುವವರು, ಹೊಲ ಉಳುವವರು ಹೋದ ಮೇಲೆ ಕುರುಚಲು ಕಾಡು ಮನೆ ಬಾಗಿಲವರೆಗೆ ಬಂತು. 2022ರ ಆಗಸ್ಟ್‌ನಲ್ಲಿ ಎಸ್ತ್ರೇಲಾ ಪರ್ವತದ ಇಪ್ಪತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು. 2025ರ ಆಗಸ್ಟ್‌ನಲ್ಲಿ ಪಿಯೋದಾಂವ್ ಕಡೆ ಹೊತ್ತಿದ ಬೆಂಕಿ ಅರವತ್ತು ಸಾವಿರ ಹೆಕ್ಟೇರ್ ದಾಟಿತು. ಪದರುಗಲ್ಲಿನ ಮನೆಗಳು, ನೀಲಿ ಬಾಗಿಲುಗಳು ಮೆಟ್ಟಿಲು ಮೆಟ್ಟಿಲಾಗಿ ಕೂತ ಊರದು. ಅದರ ಸುತ್ತಣ ಗುಡ್ಡಗಳೆಲ್ಲ ಕಪ್ಪಾದವು. ಸವಾರಿಗೆ ಬರುವವರು ಹಳ್ಳಿಯ ಅಂಗಡಿಯಲ್ಲಿ ಎಸ್ತ್ರೇಲಾ ಕುರಿಹಾಲಿನ ಚೀಸ್ ಕೊಂಡರೆ ಅದು ಬರೀ ತಿನಿಸಿನ ವಿಷಯವಲ್ಲ. ಮುಳ್ಳುಗಿಡದ ಹೂವಿನಿಂದ ಹಾಲು ಒಡೆಸಿ ಮಾಡುವ, ಬ್ರೆಡ್ಡಿನ ಮೇಲೆ ಚಮಚದಲ್ಲಿ ಹಚ್ಚುವಷ್ಟು ಮೆತ್ತನೆಯ ಆ ಚೀಸ್ ಮಾರಾಟವಾಗುವವರೆಗೂ ಒಂದಷ್ಟು ಕುರುಬರು, ಒಂದಷ್ಟು ಮಂದೆ ಬೆಟ್ಟದಲ್ಲಿರುತ್ತವೆ.

ಹೋಗುವವರಿಗೆ ಎರಡು ಮಾತು. 1993 ಮೀಟರ್ ಎತ್ತರದ ತೊರ್ರೆ ಶಿಖರಕ್ಕೆ ಕೊವಿಲ್ಯಾದಿಂದ ಇಪ್ಪತ್ತು ಕಿಲೋಮೀಟರ್ ಬಿಡದ ಏರು. ಸಣ್ಣ ಗೇರ್ ಬೇಕೇ ಬೇಕು. ಹಳ್ಳಿಯೊಳಗೆ ಡಾಂಬರು ಮುಗಿದು ಗ್ರಾನೈಟ್ ಕಲ್ಲುಹಾಸು ಶುರುವಾಗುತ್ತದೆ, ಮಳೆ ಬಂದರೆ ಜಾರುತ್ತದೆ, ಅಗಲದ ಟೈರು ಒಳ್ಳೆಯದು. ಕೊವಿಲ್ಯಾ–ಗ್ವಾರ್ದಾ ರೈಲು ಹನ್ನೆರಡು ವರ್ಷ ನಿಂತಿದ್ದದ್ದು 2021ರಲ್ಲಿ ಮತ್ತೆ ಓಡತೊಡಗಿದೆ, ಬೆಲ್ಮೋಂಟೆಗೂ ಅದರಲ್ಲೇ ಹೋಗಬಹುದು. ಯಾವ ಕಾಲ ಎಂದರೆ ಎಲ್ಲರೂ ಮೇ ಎನ್ನುತ್ತಾರೆ: ತಂಪು ಗಾಳಿ, ಕಾಡುಹೂವು, ಖಾಲಿ ರಸ್ತೆ. ನಾನು ಆಗಸ್ಟ್ ಎನ್ನುತ್ತೇನೆ. ಬಿಸಿಲು ಸುಡುತ್ತದೆ, ಬೆಂಕಿಯ ಎಚ್ಚರಿಕೆ ನೋಡಿಕೊಂಡೇ ಹೊರಡಬೇಕು, ಬೆಳಗಿನ ಜಾವವೇ ಘಟ್ಟ ಹತ್ತಿ ಮುಗಿಸಬೇಕು. ಆದರೆ ಫ್ರಾನ್ಸಿಗೆ ಹೋದವರು, ಅವರ ಮಕ್ಕಳು, ಮೊಮ್ಮಕ್ಕಳು ರಜೆಗೆ ಊರಿಗೆ ಬರುವುದು ಆಗಸ್ಟ್‌ನಲ್ಲಿ. ಬೀಗ ತೆಗೆಯುತ್ತಾರೆ, ಊರ ಸಂತನ ಹಬ್ಬ ಮಾಡುತ್ತಾರೆ. ವೋಲ್ಟಾ ನಡೆಯುವುದೂ ಈಗ ಆಗಲೇ. ಪಂದ್ಯ ತೊರ್ರೆ ಹತ್ತುವ ವರ್ಷಗಳಲ್ಲಿ ರಸ್ತೆಯುದ್ದಕ್ಕೂ ಫ್ರೆಂಚ್ ನಂಬರಿನ ಕಾರುಗಳು ನಿಂತಿರುತ್ತವೆ, ಅಜ್ಜಂದಿರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಪಂದ್ಯಕ್ಕೆ ಮೊದಲು ಹತ್ತಿ ಬರುವ ಯಾವ ಅಪರಿಚಿತ ಸವಾರನಿಗೂ ಚಪ್ಪಾಳೆ ಬೀಳುತ್ತದೆ. ಟಿಕೆಟ್ ಮಾಡಿಸುವುದಾದರೆ ಆ ವಾರಗಳಿಗೇ ಮಾಡಿಸಿ.