ಕೊಳವೆಬಾವಿಯ ಯಂತ್ರವೂ ಭೂಮಿಯ ಸಿರೆಗಳೂ

'ಕೊಳವೆಬಾವಿ' ಎಂಬ ಸಮಾಸವು ಕನ್ನಡಕ್ಕೆ ಈಚಿನದು. ಆದರೂ ಆ ಮಾತನ್ನಾಗಲಿ, ಅದರ ಬಳಕೆಯ ಪರ್ಯಾಯವಾದ 'ಬೋರು' ಎಂಬುದನ್ನಾಗಲಿ ಕೇಳದ ಮನೆ ಇಂದು ಬೆಂಗಳೂರಿನಲ್ಲಿ ಇರಲಾರದು. ಶಬ್ದಗಳ ಚರಿತ್ರೆಯನ್ನು ವಿಚಾರಿಸತಕ್ಕವರಿಗೆ ಇದರಲ್ಲಿ ಒಂದೆರಡು ಸ್ವಾರಸ್ಯಗಳುಂಟು. ಬಾವಿಯೆಂಬುದು ಸಂಸ್ಕೃತದ 'ವಾಪೀ' ಶಬ್ದದ ತದ್ಭವ. ವಾಪಿಯೆಂದರೆ ಮೆಟ್ಟಿಲುಗಳಿಂದ ಇಳಿದು ನೀರನ್ನು ಮುಟ್ಟಬಹುದಾದ ಜಲಾಶಯ. ಹಗ್ಗ ಕೊಡಗಳಿಂದ ಸೇದತಕ್ಕದ್ದು ಕೂಪ. ಕನ್ನಡದಲ್ಲಿ ಬಾವಿಯೆಂಬ ಮಾತೇ ಕೂಪದ ಅರ್ಥವನ್ನೂ ವಹಿಸಿಕೊಂಡಿತು. ಈಗ ಅದು ಮೂರನೆಯದೊಂದು ಅರ್ಥವನ್ನು ಹೊತ್ತಿದೆ: ಇಳಿಯುವುದಕ್ಕೂ ಆಗದ, ಬಗ್ಗಿ ನೋಡಿದರೆ ಏನೂ ಕಾಣದ, ಸುಮಾರು ೬½ ಇಂಚು ಅಗಲದ ಒಂದು ರಂಧ್ರ. ಜನರು ಬಾವಿಯನ್ನು 'ತೋಡುತ್ತಾರೆ', ಬೋರನ್ನು 'ಕೊರೆಯುತ್ತಾರೆ'. ನಾಮಪದದಲ್ಲಿ ಮರೆಯಾದ ಭೇದವು ಕ್ರಿಯಾಪದದಲ್ಲಿ ಉಳಿದುಕೊಂಡಿದೆ.

'ಕೊಳವೆ' ಎಂಬ ಪೂರ್ವಪದವಾದರೋ ಬೆಂಗಳೂರಿನ ಮಟ್ಟಿಗೆ ಅರ್ಧಸತ್ಯವೇ ಸರಿ. ಗಂಗಾನದಿಯ ಬಯಲಿನಂತಹ ಮೆಕ್ಕಲುನೆಲದಲ್ಲಿ ಬಾವಿಯ ತಳದವರೆಗೂ ಕೊಳವೆಯನ್ನು ಇಳಿಸದಿದ್ದರೆ ಸುತ್ತಲಿನ ಮರಳು ಕುಸಿದು ರಂಧ್ರವೇ ಮುಚ್ಚಿಹೋಗುತ್ತದೆ. ಅಲ್ಲಿ ನೀರು ಕೊಳವೆಯ ಕಂಡಿಗಳ ಮೂಲಕವೇ ಒಳಬರಬೇಕು. ಬೆಂಗಳೂರಿನಲ್ಲಿ ಕೊಳವೆಯಿರುವುದು ಮೇಲಿನ ಮಣ್ಣು ಮತ್ತು ಸಡಿಲಗಲ್ಲಿನ ಪದರಕ್ಕೆ ಮಾತ್ರ. ಇದನ್ನೇ ಕೆಲಸಗಾರರು 'ಕೇಸಿಂಗ್' ಎನ್ನುತ್ತಾರೆ. ಗಟ್ಟಿಬಂಡೆ ಸಿಕ್ಕಿದ ಕೂಡಲೇ ಕೊಳವೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ನೂರಾರು ಅಡಿಗಳವರೆಗೆ ಬರಿಯ ಕಲ್ಲಿನ ರಂಧ್ರ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಯಂತ್ರದ ಸ್ವರೂಪವೂ, ಅದರಿಂದ ಊರಿಗೆ ಒದಗಿದ ಲಾಭನಷ್ಟಗಳೂ ಸುಲಭವಾಗಿ ತಿಳಿಯುತ್ತವೆ.

ನೆಲವನ್ನು ಆಳವಾಗಿ ಕೊರೆಯುವ ವಿದ್ಯೆಯೇನೂ ಹೊಸದಲ್ಲ. ಚೀನಾದೇಶದ ಸಿಚುವಾನ್ ಪ್ರಾಂತದವರು ಉಪ್ಪುನೀರಿಗಾಗಿ, ಬಿದಿರಿನ ಹಗ್ಗಕ್ಕೆ ಭಾರವಾದ ಕಬ್ಬಿಣದ ಉಳಿಯನ್ನು ಕಟ್ಟಿ ಎತ್ತಿ ಎತ್ತಿ ಬೀಳಿಸಿ, ೧೮೩೫ರ ವೇಳೆಗೆ ಸಾವಿರ ಮೀಟರುಗಳ ಆಳವನ್ನು ಮುಟ್ಟಿದ್ದರು. ಪ್ಯಾರಿಸ್ ನಗರದ ಗ್ರೆನೆಲ್ ಎಂಬಲ್ಲಿ ೧೮೩೩ರಲ್ಲಿ ಆರಂಭವಾದ ಬಾವಿಯಲ್ಲಿ ೧೮೪೧ರಲ್ಲಿ, ೫೪೮ ಮೀಟರುಗಳ ಆಳದಿಂದ ನೀರು ತಾನಾಗಿ ಚಿಮ್ಮಿತು. ಆದರೆ ಅವೆಲ್ಲವೂ ಪದರಪದರವಾಗಿ ನಿಕ್ಷೇಪಗೊಂಡ ಮೆದುಶಿಲೆಗಳು. ಮೈಸೂರು ಸೀಮೆಯ ಕಲ್ಲಿನಲ್ಲಿ ಬೀಳುವ ಉಳಿಯ ಯಂತ್ರವು ಬಲು ನಿಧಾನವಾಗಿ ಕೆಲಸಮಾಡುತ್ತಿತ್ತು. ಉಳಿ ಎಷ್ಟು ಆಳಕ್ಕೆ ಇಳಿದರೆ ಅಷ್ಟು ಉದ್ದದ ಹಗ್ಗವನ್ನು ಆಡಿಸಬೇಕು. ಪುಡಿಯಾದ ಕಲ್ಲನ್ನು ನೀರಿನಲ್ಲಿ ಕಲಸಿ ಉದ್ದನೆಯ ಪಾತ್ರೆಯಿಂದ ಮೊಗೆದು ಹಾಕಬೇಕು. ಮತ್ತೆ ಉಳಿಯನ್ನು ಇಳಿಸಬೇಕು.

ಈ ತೊಡಕನ್ನು ಬಿಡಿಸಿದ ಉಪಾಯವು ಹೇಳುವುದಕ್ಕೆ ಬಹು ಸರಳವಾದುದು: ಸುತ್ತಿಗೆಯನ್ನು ಮೇಲಿಟ್ಟುಕೊಂಡು ಉಳಿಯನ್ನು ಕೆಳಗೆ ಬಿಡುವ ಬದಲು ಸುತ್ತಿಗೆಯನ್ನೇ ರಂಧ್ರದೊಳಕ್ಕೆ ಇಳಿಸುವುದು. ೧೯೫೦ರ ದಶಕದಲ್ಲಿ ಬೆಲ್ಜಿಯಂ ದೇಶದಲ್ಲಿ ರೂಪುಗೊಂಡ ಈ ಸಾಧನದಲ್ಲಿ ಶಕ್ತಿಯನ್ನು ಕೆಳಕ್ಕೆ ಒಯ್ಯುವುದು ಗಾಳಿ. ಲಾರಿಯ ಮೇಲೆ ಎತ್ತರವಾದ ಕಂಬ. ಪಕ್ಕದ ಇನ್ನೊಂದು ಲಾರಿಯಲ್ಲಿ ಗಾಳಿಯನ್ನು ಒತ್ತಿಹಿಡಿಯುವ 'ಕಂಪ್ರೆಸರ್'. ಒತ್ತಡದ ಗಾಳಿಯು ಟೊಳ್ಳಾದ ಉಕ್ಕಿನ ಸರಳುಗಳ ಮೂಲಕ ತಳಕ್ಕೆ ಇಳಿದು, ಅಲ್ಲಿರುವ ಸುತ್ತಿಗೆಯೊಳಗಿನ ಕೊಂತವನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಆಡಿಸುತ್ತದೆ. ಕೊಂತದ ಪೆಟ್ಟು ಬೀಳುವುದು ತುದಿಯ 'ಬಿಟ್'ನ ಮೇಲೆ. ಬಿಟ್‌ನ ಮುಖದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳನ್ನು ಕೂರಿಸಿರುತ್ತಾರೆ. ಕಲ್ಲನ್ನು ನುರಿಸತಕ್ಕವು ಅವೇ. ಸರಳುಗಳು ತಿರುಗುವುದೂ ಉಂಟು, ಆದರೆ ಅತಿ ಮೆಲ್ಲಗೆ. ಆ ತಿರುಗುವಿಕೆಯು ಕಲ್ಲನ್ನು ಕೊರೆಯುವುದಕ್ಕಲ್ಲ, ಪ್ರತಿಯೊಂದು ಪೆಟ್ಟೂ ಹೊಸ ಜಾಗದಲ್ಲಿ ಬೀಳಲೆಂದು. ನೋಡುವವರು ತಿರುಪಿನಂತೆ ಕೊರೆಯುತ್ತಿದೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ನಡೆಯುತ್ತಿರುವುದು ಕುಟ್ಟುವ ಕೆಲಸ. ಕೊಂತವನ್ನು ಆಡಿಸಿದ ಗಾಳಿಯೇ ಬಿಟ್‌ನ ರಂಧ್ರಗಳಿಂದ ಹೊರಟು, ಸರಳಿಗೂ ಬಂಡೆಗೂ ನಡುವಣ ಸಂದಿನಲ್ಲಿ ಕಲ್ಲಪುಡಿಯನ್ನು ಹೊತ್ತುಕೊಂಡು ಮೇಲಕ್ಕೆ ಬರುತ್ತದೆ. ಮೊಗೆಯುವ ಕೆಲಸವೇ ಇಲ್ಲ. ಸುಮಾರು ೨೦ ಅಡಿಯ ಒಂದೊಂದು ಸರಳು ಮುಗಿದಂತೆ ಇನ್ನೊಂದನ್ನು ಜೋಡಿಸುತ್ತ ಹೋದರೆ, ಒಂದೇ ದಿನದಲ್ಲಿ ನೂರಾರು ಅಡಿ ಇಳಿಯಬಹುದು.

೧೯೬೬-೬೭ರಲ್ಲಿ ಬಿಹಾರದಲ್ಲಿ ಘೋರವಾದ ಕ್ಷಾಮವುಂಟಾದಾಗ ಯುನಿಸೆಫ್ ಸಂಸ್ಥೆಯು ಕಲ್ಲುನೆಲಕ್ಕೆಂದು ಇಂತಹ ಗಾಳಿಯಂತ್ರಗಳನ್ನು ಭಾರತಕ್ಕೆ ತರಿಸಿತು. ಗ್ರಾಮಗಳ ಕುಡಿಯುವ ನೀರಿಗಾಗಿ ಬಂದ ವಿದ್ಯೆಯು ಕೆಲವು ದಶಕಗಳಲ್ಲಿ ಖಾಸಗಿಯವರ ಕೈಗೆ ಬಂತು. ತಮಿಳುನಾಡಿನ ತಿರುಚೆಂಗೋಡು ಈ ಲಾರಿಗಳ ತವರೂರೇ ಆಗಿದೆ. ಅಲ್ಲಿಂದ ಹೊರಟ ಯಂತ್ರಗಳೂ ಕೆಲಸಗಾರರೂ ದೇಶದ ನಾನಾ ಪ್ರಾಂತಗಳಲ್ಲಿ ಕಾಣಿಸುತ್ತಾರೆ.

ಇನ್ನು ಬಂಡೆಯ ವಿಷಯ. ಬಸವನಗುಡಿಯ ಕಹಳೆಬಂಡೆಯೂ, ದೊಡ್ಡಬಸವಣ್ಣನನ್ನು ಕಡೆದ ಏಕಶಿಲೆಯೂ, ಗವಿಪುರದ ಗಂಗಾಧರೇಶ್ವರನ ಗುಹೆಯೂ, ಲಾಲ್‌ಬಾಗಿನ ಗುಡ್ಡವೂ ನೆಲದಡಿಯಲ್ಲಿ ಎಲ್ಲೆಡೆ ಹರಡಿರುವ ಪುರಾತನ ಶಿಲಾಸಮೂಹವು ಅಲ್ಲಲ್ಲಿ ತಲೆಯೆತ್ತಿರುವ ಸ್ಥಳಗಳು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಎಂಬವರು ೧೯೧೬ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಹೇಳಿದೆ. ಈ ಕಲ್ಲಿಗೆ ಮರಳಿನಂತೆ ನೀರನ್ನು ಹೀರಿ ಇಟ್ಟುಕೊಳ್ಳುವ ಗುಣವಿಲ್ಲ. ನೀರು ನಿಲ್ಲುವುದು ಎರಡೇ ಕಡೆ: ಮೇಲ್ಗಡೆ ಶಿಥಿಲವಾಗಿ ಮಣ್ಣಾಗುತ್ತಿರುವ ಪದರದಲ್ಲಿ, ಮತ್ತು ಅದರ ಕೆಳಗೆ ಗಟ್ಟಿಬಂಡೆಯ ಬಿರುಕುಗಳಲ್ಲಿ. ಹಳೆಯ ಮನೆಗಳ ಹಿತ್ತಲ ಬಾವಿಗಳು ಮೊದಲನೆಯದನ್ನು ನೆಚ್ಚಿದ್ದುವು. ವೃಷಭಾವತಿಯು ಬಸವಣ್ಣನ ಪಾದದಲ್ಲಿ ಹುಟ್ಟುವಳೆಂಬ ಐತಿಹ್ಯಕ್ಕೂ, ೧೯೯೭ರಲ್ಲಿ ಮಣ್ಣಿನಡಿಯಿಂದ ಹೊರಬಂದ ಮಲ್ಲೇಶ್ವರದ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತಿರುವುದಕ್ಕೂ ಆಧಾರವು ನೆಲದೊಳಗಿನ ಇಂತಹ ಜಲವೇ.

ಬಿರುಕುಗಳಲ್ಲಿ ಹರಿಯುವ ಈ ನೀರನ್ನು ಪ್ರಾಚೀನರು 'ಸಿರೆ' ಎಂದು ಕರೆದರು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲ ಪ್ರಕರಣದಲ್ಲಿ, ಮನುಷ್ಯನ ಅಂಗಗಳಲ್ಲಿ ಸಿರೆಗಳಿರುವಂತೆಯೇ ಭೂಮಿಯಲ್ಲಿಯೂ ಕೆಲವು ಮೇಲೆ, ಕೆಲವು ಕೆಳಗೆ ಜಲಸಿರೆಗಳಿವೆಯೆಂದು ಹೇಳಿ, ದಿಕ್ಪಾಲಕರ ಹೆಸರಿನ ಎಂಟು ಸಿರೆಗಳನ್ನೂ ನಡುವೆ ಒಂಬತ್ತನೆಯದಾದ ಮಹಾಸಿರೆಯನ್ನೂ ಎಣಿಸಿದ್ದಾನೆ. ಈ ಶಾಸ್ತ್ರವನ್ನು ಕನ್ನಡಕ್ಕೆ ತಂದದ್ದು ೧೦೨೫ರ ಸುಮಾರಿನ 'ಲೋಕೋಪಕಾರ'. ಅದರ ಕರ್ತೃವಾದ ಚಾವುಂಡರಾಯನು ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಇವನೆಂದು ಭ್ರಮಿಸಬಾರದು. ಸೂಪಶಾಸ್ತ್ರ, ವೃಕ್ಷಾಯುರ್ವೇದ, ವೈದ್ಯ ಮೊದಲಾದವುಗಳೊಡನೆ ನೆಲದೊಳಗಿನ ನೀರನ್ನು ಅರಿಯುವ ಕ್ರಮಕ್ಕೂ ಅವನು ಸ್ಥಾನಕೊಟ್ಟಿದ್ದಾನೆ. ಇಂತಹ ಭಾಗಗಳನ್ನು ಕಾವ್ಯಗುಣವಿಲ್ಲವೆಂಬ ಕಾರಣದಿಂದ ಪಾಠಹೇಳುವವರು ದಾಟಿಹೋಗುವುದುಂಟು. 'ಸಿರೆ'ಯೆಂಬುದು ಬರಿಯ ರೂಪಕವಾಗಿ ತೋರುವುದೂ ಈ ಉಪೇಕ್ಷೆಗೆ ಕಾರಣವಿರಬಹುದು. ಗಂಗೆಯ ಬಯಲಿನವರಿಗೆ ಅದು ರೂಪಕವೇ ಹೌದು. ಅಲ್ಲಿ ನೀರು ಮರಳಿನಲ್ಲೆಲ್ಲ ವ್ಯಾಪಿಸಿಕೊಂಡಿದೆ. ದಕ್ಷಿಣದ ಕಲ್ಲುನೆಲದಲ್ಲಿ ಅದು ಹೆಚ್ಚುಕಡಮೆ ವಾಚ್ಯಾರ್ಥ. ಒಂದು ಮನೆಯ ಅಂಗಳದಲ್ಲಿ ನೀರು ಉಕ್ಕಿ, ಮೂವತ್ತಡಿ ದೂರದ ಪಕ್ಕದ ಮನೆಯಲ್ಲಿ ಒಣಪುಡಿ ಮಾತ್ರ ಬರುವುದು ಅದೃಷ್ಟದಿಂದಲ್ಲ. ಒಬ್ಬರ ರಂಧ್ರವು ಬಿರುಕನ್ನು ಕಡಿಯಿತು, ಇನ್ನೊಬ್ಬರದು ಕಡಿಯಲಿಲ್ಲ. ಜನರು ಇಂತಲ್ಲಿ 'ಸೆಲೆ ಸಿಕ್ಕಿತು' ಎನ್ನುತ್ತಾರೆ. ಸಿರೆಗೂ ಸೆಲೆಗೂ ಧ್ವನಿಸಾಮ್ಯವಿದೆಯೆಂದು ಅವೆರಡಕ್ಕೂ ನಂಟು ಕಲ್ಪಿಸುವುದು ಅವಸರವಾದೀತು, ಅರ್ಥಸಾಮ್ಯವಂತೂ ಸ್ಪಷ್ಟವಾಗಿದೆ.

ಇನ್ನೂ ಒಂದು ಹೋಲಿಕೆಯು ಗಮನಾರ್ಹವಾಗಿದೆ. ವರಾಹಮಿಹಿರನು ಮರ, ಹುತ್ತ ಮೊದಲಾದ ಹೊರಗುರುತುಗಳನ್ನು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ಅಗೆಯುತ್ತ ಹೋದಾಗ ಇಷ್ಟು ಆಳದಲ್ಲಿ ಕಪ್ಪೆ, ಅದರ ಕೆಳಗೆ ಇಂಥ ಬಣ್ಣದ ಮಣ್ಣು, ಆಮೇಲೆ ಇಂಥ ಕಲ್ಲು, ಅದರ ಕೆಳಗೆ ನೀರು ಎಂದು ನಡುದಾರಿಯ ಸಾಕ್ಷಿಗಳನ್ನೂ ಕೊಡುತ್ತಾನೆ. ಯಂತ್ರದವರು ಮಾಡುವುದೂ ಇದನ್ನೇ. ರಂಧ್ರದ ಬಾಯಲ್ಲಿ ಬರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ: ಕೆಂಪುಮಣ್ಣು ಹೋಗಿ ಹಳದಿಯ ಸಡಿಲಗಲ್ಲು, ಅನಂತರ ಬೂದಿಬಣ್ಣದ ಗಟ್ಟಿಕಲ್ಲು, ನಡುವೆ ಮತ್ತೆ ಕಂದುಬಣ್ಣದ ಚೂರುಗಳು ಬಂದರೆ, ಅಲ್ಲಿ ಎಂದೋ ನೀರು ಓಡಾಡಿದ ಬಿರುಕಿದೆಯೆಂದು ಆಸೆಪಡುತ್ತಾರೆ. ಧೂಳು ನಿಂತು ಪುಡಿ ಉಂಡೆಕಟ್ಟಿದರೆ ತೇವ ಸಿಕ್ಕಿತೆಂದು ಅರ್ಥ. ಸಿರೆಯೇ ಸಿಕ್ಕಿದರೆ ಗಾಳಿಯ ರಭಸಕ್ಕೆ ಕೆಸರುನೀರು ಚಿಮ್ಮುತ್ತದೆ. ಆಗ 'ಎಷ್ಟು ಇಂಚು?' ಎಂಬ ಪ್ರಶ್ನೆ. ಈ ಇಂಚು ಕೊಳವೆಯ ಅಗಲವಲ್ಲ. ಹೊರಬರುವ ನೀರನ್ನು ತ್ರಿಕೋಣಾಕಾರದ ಕಚ್ಚಿನ ಮೂಲಕ ಹರಿಸಿದಾಗ ಅದು ನಿಲ್ಲುವ ಎತ್ತರ. ಎತ್ತರ ಇಮ್ಮಡಿಯಾದರೆ ನೀರು ಐದೂವರೆಯಷ್ಟಕ್ಕೂ ಹೆಚ್ಚಾಗುವುದರಿಂದ, ಎರಡಿಂಚಿನ ಬಾವಿಯು ಒಂದಿಂಚಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅಳೆಯದೆ ಕಣ್ಣಂದಾಜಿನಿಂದ ಇಂಚು ಹೇಳುವ ವಾಡಿಕೆಯಿಂದ ಮನೆಯವರಿಗೆ ಆಗುವ ನಿರಾಶೆ ಸಣ್ಣದಲ್ಲ.

ಕಲ್ಲನ್ನು ಒಡೆಯುವ ಕ್ರಮವೂ ಸಂಹಿತೆಯಲ್ಲಿದೆ. ಬಂಡೆಯು ಸೀಳದೆ ಹೋದರೆ ಅದರ ಮೇಲೆ ಮುತ್ತುಗ ಮತ್ತು ತಿಂದುಕದ ಸೌದೆಯನ್ನು ಉರಿಸಿ, ಕೆಂಪಗೆ ಕಾದ ಕಲ್ಲಿಗೆ ಸುಣ್ಣದ ನೀರನ್ನು ಎರಚಬೇಕೆಂದು ವಿಧಿ. ಉಳಿಗಳಿಗೆ ಹದಕೊಡುವ ರೀತಿಯನ್ನೂ ಅಲ್ಲಿಯೇ ಹೇಳಿದೆ. ಕಾರ್ಬೈಡಿನ ಗುಂಡಿಗಳು ಆ ಹದದ ಪ್ರಶ್ನೆಗೆ ಇಪ್ಪತ್ತನೆಯ ಶತಮಾನವು ಕೊಟ್ಟ ಉತ್ತರ.

ಇಷ್ಟರಿಂದ ಹಳೆಯ ಶಾಸ್ತ್ರವೂ ಹೊಸ ಯಂತ್ರವೂ ಒಂದೇ ಎಂದು ಸಾಧಿಸಹೊರಡುವುದು ಸರಿಯಲ್ಲ. ಅವು ಬೇರೆಯಾಗುವುದು ಆಳದ ಅಳತೆಯಲ್ಲಿ. ಶಾಸ್ತ್ರದ ಮಾನ 'ಪುರುಷ': ಕೈಯೆತ್ತಿ ನಿಂತ ಮನುಷ್ಯನ ಎತ್ತರ, ೧೨೦ ಅಂಗುಲ, ಎಂದರೆ ಸುಮಾರು ಏಳೂವರೆ ಅಡಿ. ಮರುಭೂಮಿಯ ಭಾಗದಲ್ಲಿ ಬಹಳ ಹೆಚ್ಚಿನ ಆಳಗಳು ಬಂದರೂ, ಉಳಿದೆಡೆ ಹೆಚ್ಚಾಗಿ ಕಾಣುವುದು ಕೆಲವೇ ಪುರುಷಗಳ ಲೆಕ್ಕ. ಅದು ಯುಕ್ತವೂ ಹೌದು. ಮರದ ಬೇರೂ ಗೆದ್ದಲಿನ ಹುತ್ತವೂ ಸಾಕ್ಷಿ ಹೇಳಬಲ್ಲುದು ತಮಗೆ ತೇವ ಎಟಕುವಷ್ಟು ಆಳದ ಬಗೆಗೆ ಮಾತ್ರ. ಸಾವಿರ ಅಡಿಯ ಕೊಳವೆಬಾವಿಯೆಂದರೆ ೧೩೦ಕ್ಕೂ ಹೆಚ್ಚು ಪುರುಷ. ಆ ಆಳದ ವಿಷಯದಲ್ಲಿ ಯಾವ ಮರವೂ ಏನನ್ನೂ ಹೇಳಲಾರದು. ಕವಲುಕಡ್ಡಿಯನ್ನೋ ತೆಂಗಿನಕಾಯಿಯನ್ನೋ ಹಿಡಿದು ನೀರು ತೋರಿಸುವವರ ಮಾತಿಗೆ ಪ್ರಮಾಣವಿಲ್ಲ. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ತೇವದ ಬಿರುಕನ್ನು ಊಹಿಸುವ ಶಾಸ್ತ್ರೀಯ ವಿಧಾನವಿದೆಯಾದರೂ ಆಳ ಹೆಚ್ಚಿದಂತೆ ಅದರ ನಿಶ್ಚಯವೂ ಕುಗ್ಗುತ್ತದೆ. ಬಂಡೆಯಲ್ಲಿ ಕೆಳಕೆಳಗೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗಿ, ಇಕ್ಕಟ್ಟಾಗುತ್ತವೆ. ಯಂತ್ರದ ಬಲ ಹೆಚ್ಚಿದೆ. ಎಲ್ಲಿ ಕೊರೆಯಬೇಕೆಂಬ ತಿಳಿವು ಆ ಪ್ರಮಾಣದಲ್ಲಿ ಹೆಚ್ಚಿಲ್ಲ.

ಹಾಗಾದರೆ ಬೆಂಗಳೂರು ಇಷ್ಟು ಆಳಕ್ಕೆ ಏಕೆ ಇಳಿಯಿತು? ೧೮೯೨ರಲ್ಲಿ ಚಾಮರಾಜಪೇಟೆಯೂ, ಅದೇ ದಶಕದಲ್ಲಿ ಬಸವನಗುಡಿ ಮಲ್ಲೇಶ್ವರಗಳೂ ಬಡಾವಣೆಗಳಾಗಿ ರೂಪುಗೊಂಡವು. ಆ ದಶಕದಲ್ಲೇ ಹೆಸರಘಟ್ಟದ ಕೊಳಾಯಿ ನೀರೂ ಊರಿಗೆ ಬಂತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿ, ೧೯೭೪ರಲ್ಲಿ ಕಾವೇರಿ. ಕೊಳಾಯಿ ಬಂದಂತೆ ಹಿತ್ತಲ ಬಾವಿಗಳು ಕಸದ ಗುಂಡಿಗಳಾದವು, ಕೆಲವು ಮನೆಗಳ ತಳಪಾಯದಡಿ ಸೇರಿದವು. ಊರು ಕೊಳಾಯಿಗಿಂತ ವೇಗವಾಗಿ ಬೆಳೆದಾಗ ಜನರು ಮತ್ತೆ ನೆಲದ ಕಡೆಗೆ ತಿರುಗಿದರು. ಆದರೆ ಈ ಸಲ ಕೈಯಲ್ಲಿದ್ದುದು ಹಾರೆಯಲ್ಲ, ಗಾಳಿಯ ಸುತ್ತಿಗೆ. ಕೇಸಿಂಗು ಮೇಲಿನ ಪದರದ ನೀರನ್ನು ರಂಧ್ರದೊಳಕ್ಕೆ ನೇರವಾಗಿ ಬಿಡದೆ ತಡೆಯುವುದರಿಂದ, ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬ ನಂಬಿಕೆ ಬೆಳೆಯಿತು. ನಿಜಸ್ಥಿತಿಯೆಂದರೆ, ಬಿರುಕುಗಳಿಗೆ ನೀರು ಬರಬೇಕಾದುದು ಮೇಲಿನ ಶಿಥಿಲಪದರದಿಂದಲೇ. ಅದಕ್ಕೆ ಬರಬೇಕಾದುದು ಮಳೆಯಿಂದ, ಕೆರೆಯಿಂದ. ಕೆಳಗಿನ ಸಿರೆಯನ್ನು ಹೀರಿದಂತೆಲ್ಲ ಮೇಲಿನ ಪದರ ಬರಿದಾಯಿತು. ಮೇಲೆ ಕಲ್ಲುಹಾಸೂ ಸಿಮೆಂಟೂ ಹರಡಿ ಮಳೆಗೆ ದಾರಿ ಮುಚ್ಚಿತು. ೨೦೨೪ರ ಬೇಸಗೆಯಲ್ಲಿ ನಗರದ ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳ ಪೈಕಿ ಸುಮಾರು ೬,೯೦೦ ಬತ್ತಿಹೋದವೆಂದು ಸರ್ಕಾರವೇ ಪ್ರಕಟಿಸಿತು.

ಅಂತರ್ಜಲದ ಬಳಕೆಯನ್ನು ಕಟ್ಟುಪಾಡಿಗೆ ತರಲು ೨೦೧೧ರಲ್ಲಿ ಕರ್ನಾಟಕದಲ್ಲಿ ಕಾಯಿದೆಯಾಯಿತು. ಅದಕ್ಕೆ ಮೊದಲೇ, ೨೦೦೯ರಲ್ಲಿ, ಬೆಂಗಳೂರಿನ ೪೦×೬೦ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಮಳೆನೀರಿನ ಸಂಗ್ರಹವನ್ನು ಕಡ್ಡಾಯಮಾಡಲಾಗಿತ್ತು. ಇದರಿಂದಾಗಿ, ಯಂತ್ರದ ಸದ್ದಿನಲ್ಲಿ ಕೆಲಸ ಕಳೆದುಕೊಂಡಿದ್ದ ಮಣ್ಣುವಡ್ಡರಿಗೆ ಮತ್ತೆ ಕರೆ ಬರತೊಡಗಿದೆ. ತಲೆಮಾರುಗಳಿಂದ ಬಾವಿ ತೋಡುವುದೇ ಅವರ ಕಸುಬು. ಈಗ ಅವರು ತೋಡುವುದು ನೀರನ್ನು ಸೇದುವ ಬಾವಿಗಳನ್ನಲ್ಲ, ಚಾವಣಿಯ ಮಳೆಯನ್ನು ನೆಲಕ್ಕೆ ಇಂಗಿಸುವ ಬಾವಿಗಳನ್ನು. ಅವು ಸಾಮಾನ್ಯವಾಗಿ ಮೂರಡಿ ಅಗಲ, ಇಪ್ಪತ್ತಡಿ ಆಳ. ವರಾಹಮಿಹಿರನ ಮಾನದಲ್ಲಿ ಮೂರು ಪುರುಷಕ್ಕೆ ಕೊಂಚ ಕಡಮೆ.